ತೊಟ್ಟಿಲಲ್ಲಿ ಉಳಿದ ಕೂಸಿನ ಕಡೆಯಿಂದ: ಲೆ ಫಾನುವಿನ ಒಂದು ಕಥೆ

ದಲಿತ ವಿಮರ್ಶೆಯ ಸಂಚಿಕೆಗೆ ಐರ್ಲೆಂಡಿನ ಫೇರಿ ಕಥೆಯೊಂದರ ಬಗ್ಗೆ ಬರೀತೀನಿ ಅಂದಾಗ ಗೆಳೆಯರೊಬ್ಬರು ನಕ್ಕುಬಿಟ್ಟರು. "ನಮ್ಮ ದೆವ್ವಗಳೇ ನಮಗೆ ಸಾಕಾಗಿವೆ, ಬಿಳೀ ದೆವ್ವಗಳು ಬೇರೆ ಯಾಕಪ್ಪ?" ಎಂದರು. ಅವರ ನಗುವಿನಲ್ಲಿ ನ್ಯಾಯವಿದೆ. ದಲಿತ ವಿಮರ್ಶೆಯೆಂದರೆ ದಲಿತರು ಬರೆದದ್ದನ್ನು ಮಾತ್ರ ಓದುವುದು ಎಂಬ ಒಂದು ತಿಳಿವಳಿಕೆ ನಮ್ಮಲ್ಲೂ ಇದೆ, ನಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಮುಂದಕ್ಕೆಳೆಯಲು ಕಾದವರಲ್ಲೂ ಇದೆ. ಶೇಕ್ಸ್‌ಪಿಯರ್ ಅವರಿಗೆ, ಮಾರಮ್ಮ ನಮಗೆ! ಈ ಪಾಲುಪಟ್ಟಿ ನನಗೆ ಒಪ್ಪಿಗೆಯಿಲ್ಲ. ಹುಟ್ಟಿನ ಬಗ್ಗೆ, ರಕ್ತದ ಬಗ್ಗೆ, 'ಇದು ನಮ್ಮದು, ಇದು ನಮ್ಮದಲ್ಲ' ಎಂಬ ಮಾತಿನ ಬಗ್ಗೆ ಲೋಕದ ಯಾವ ಮೂಲೆಯಲ್ಲಿ ಯಾರು ಕಥೆ ಕಟ್ಟಿದ್ದರೂ ಅದನ್ನು ಓದಿ ನೋಡುವ ಹಕ್ಕು ನಮಗಿದೆ. ಆ ಮಾತಿನ ಪೆಟ್ಟು ತಿಂದವರು ನಾವು.

ಜೋಸೆಫ್ ಷೆರಿಡನ್ ಲೆ ಫಾನು (1814–1873) ಡಬ್ಲಿನ್ನಿನ ಲೇಖಕ. 'ಕಾರ್ಮಿಲ್ಲಾ' ಎಂಬ ರಕ್ತ ಹೀರುವ ಹೆಣ್ಣಿನ ಕಥೆಯಿಂದ ಹೆಸರಾದವನು. ನಾನು ಹೇಳಹೊರಟ ಕಥೆ 'ದಿ ಚೈಲ್ಡ್ ದಟ್ ವೆಂಟ್ ವಿತ್ ದಿ ಫೇರೀಸ್'. 1870ರ ಫೆಬ್ರವರಿಯಲ್ಲಿ, ಡಿಕನ್ಸ್ ನಡೆಸುತ್ತಿದ್ದ 'ಆಲ್ ದಿ ಇಯರ್ ರೌಂಡ್' ಪತ್ರಿಕೆಯಲ್ಲಿ ಅಚ್ಚಾಯಿತು. ಎಂಟ್ಹತ್ತು ಪುಟದ ಸಣ್ಣ ಕಥೆ.

ಲಿಮರಿಕ್ ಊರಿನ ಪೂರ್ವಕ್ಕೆ ಸ್ಲೀವ್ ಫೆಲಿಮ್ ಬೆಟ್ಟಸಾಲು. ಅದರ ಬುಡದಲ್ಲಿ, ಜೌಗುನೆಲದ ನಡುವೆ ಹಾದುಹೋಗುವ ಹಳೇ ದಾರಿಯ ಪಕ್ಕದಲ್ಲಿ ಮೇರಿ ರಯಾನ್ ಎಂಬ ವಿಧವೆಯ ಗುಡಿಸಲು. ನಾಲ್ಕು ಮಕ್ಕಳು. ದೊಡ್ಡವಳು ನೆಲ್, ಆಮೇಲೆ ಚಿಕ್ಕವರಾದ ಕಾನ್, ಪೆಗ್, ಬಿಲ್ಲಿ. ಗುಡಿಸಲ ಬಳಿ ದೆವ್ವ ತಡೆಯುವ ರೋವನ್ ಮರ ಎರಡು, ಬಾಗಿಲಿಗೆ ಹೊಡೆದ ಕುದುರೆ ಲಾಳ ಎರಡು, ಹುಲ್ಲು ಚಾವಣಿಯ ಮೇಲೆ ಕೇಡು ಕಳೆಯುವ ಗಿಡ, ಮಂಚದ ತಲೆಯ ಕಡೆ ಜಪಮಣಿ ಮತ್ತು ತೀರ್ಥದ ಸೀಸೆ. ಇಷ್ಟೆಲ್ಲ ಕಾವಲು ಯಾಕೆಂದರೆ ಎದುರಿಗೇ ಲಿಸ್ನವೂರಾ ಎಂಬ ಗುಡ್ಡವಿದೆ, ಅದು ಫೇರಿಗಳದು. ಒಂದು ಸಂಜೆ ಹೊತ್ತು ಮುಳುಗುವಾಗ ಚಿಕ್ಕ ಮಕ್ಕಳು ದಾರಿಯಲ್ಲಿ ಆಡುತ್ತಿದ್ದಾಗ ಭಾರೀ ಸಾರೋಟು ಬರುತ್ತದೆ, ನಾಲ್ಕು ಕುದುರೆ, ಬಂಗಾರದ ಸಾಜು, ಸಮವಸ್ತ್ರದ ಆಳುಗಳು. ಒಳಗೆ ರಾಜಕುಮಾರಿಯಂಥ ಚೆಲುವೆ. ಬಿಲ್ಲಿಯನ್ನು ಎತ್ತಿ ಮುದ್ದಿಸುತ್ತಾಳೆ, ಒಯ್ಯುತ್ತಾಳೆ. ಉಳಿದಿಬ್ಬರು ಅಳುತ್ತಾ ಮನೆಗೆ ಬರುತ್ತಾರೆ. ಆಮೇಲೆ ಕೆಲವು ಸಲ ಬಿಲ್ಲಿ ಬಾಗಿಲ ಸಂದಿಯಲ್ಲಿ ಆ ಚಿಕ್ಕವರ ಕಣ್ಣಿಗೆ ಮಾತ್ರ ಕಾಣುತ್ತಾನೆ, ನಗುತ್ತಾನೆ, ಹೋಗುತ್ತಾನೆ. ತಾಯಿಯ ಕಣ್ಣಿಗೆ ಒಮ್ಮೆಯೂ ಇಲ್ಲ. ಕೊನೆಯ ಸಲ ಬಂದಾಗ ಬರಿಗಾಲು, ಚಿಂದಿ ಬಟ್ಟೆ, ಹಸಿದ ಮುಖ. ಒಲೆಯ ಬೂದಿಯ ಹತ್ತಿರ ಮುದುರಿ ಕೂತು ನಡುಗುತ್ತಾನೆ. ಅಷ್ಟೆ. ಮತ್ತೆ ಬರುವುದಿಲ್ಲ.

ಮೊದಲು ಒಂದು ಪದದ ತಕರಾರು ಮುಗಿಸಿಬಿಡುತ್ತೇನೆ. ಫೇರಿಯನ್ನು ಕನ್ನಡದಲ್ಲಿ ಕಿನ್ನರಿ ಅನ್ನುವುದು ವಾಡಿಕೆ. ಕಿನ್ನರಿ ಎಂದ ಕೂಡಲೇ ಶಾಲೆಯ ಪಠ್ಯದ ಚಿತ್ರ ಬರುತ್ತದೆ, ರೆಕ್ಕೆ, ಕೈಯಲ್ಲೊಂದು ಕೋಲು, ಹಾಡು. ಐರ್ಲೆಂಡಿನ ಹಳ್ಳಿಯ ಬಡವರಿಗೆ ಫೇರಿ ಅಂಥದ್ದಲ್ಲ. ಪಕ್ಕದ ದಿಬ್ಬದಲ್ಲಿ ವಾಸವಾಗಿರುವ, ಸಿಟ್ಟು ಬಂದರೆ ದನ ಸಾಯಿಸುವ, ಬಾಣಂತಿಯನ್ನು ಒಯ್ಯುವ, ಮಗುವನ್ನು ಕದ್ದು ಅದರ ಜಾಗದಲ್ಲಿ ತಮ್ಮ ಸೊರಗಿದ ಮುದಿಕೂಸೊಂದನ್ನು ಮಲಗಿಸಿ ಹೋಗುವ ನೆರೆಹೊರೆ ಅವರು. ಇಂಗ್ಲಿಷಿನಲ್ಲಿ ಅದನ್ನು 'ಚೇಂಜ್‌ಲಿಂಗ್' ಎನ್ನುತ್ತಾರೆ, ನಾನು ಬದಲಿ ಕೂಸು ಎನ್ನುತ್ತೇನೆ. ಜನ ಅವರ ಹೆಸರೆತ್ತುತ್ತಿರಲಿಲ್ಲ. ಎತ್ತಿದರೆ ಕೇಳಿಸಿಕೊಂಡಾರೆಂಬ ಭಯ. ಅದಕ್ಕೇ 'ಒಳ್ಳೆಯ ಜನ' ಅಂತಿದ್ದರು. ಇದನ್ನು ಓದುವಾಗ ನನಗೆ 'ಹರಿಜನ' ನೆನಪಾಯಿತು. 1933ರಲ್ಲಿ ಗಾಂಧೀಜಿ ಅದೇ ಹೆಸರಿನ ಪತ್ರಿಕೆ ಶುರುಮಾಡಿದರು. ಎರಡೂ ಸಿಹಿ ಹೆಸರುಗಳೇ. ಆದರೆ ಫೇರಿಗಳಿಗೆ ಸಿಹಿ ಹೆಸರು ಕೊಟ್ಟದ್ದು ಅವರ ಶಕ್ತಿಗೆ ಹೆದರಿ, ನಮಗೆ ಕೊಟ್ಟದ್ದು ನಮಗೆ ಶಕ್ತಿಯಿಲ್ಲವೆಂದು ಭಾವಿಸಿ. ಎರಡರಲ್ಲೂ ಹೆಸರು ಪಡೆದವರನ್ನು ಯಾರೂ ಕೇಳಲಿಲ್ಲ. ಫೇರಿಗಳು ಅದನ್ನು ಒಪ್ಪಿದರೋ ಇಲ್ಲವೋ ತಿಳಿಯದು, ನಾವಂತೂ ಒಪ್ಪಲಿಲ್ಲ.

ಈಗ ಬರೆದವನ ಕಡೆಗೆ ಬರೋಣ. ಕೃತಿ ನೋಡಿ, ಕೃತಿಕಾರನನ್ನು ನೋಡಬೇಡಿ ಎಂದು ನವ್ಯರು ನಮಗೆ ಕಲಿಸಿದ್ದರು. ಕೃತಿಕಾರ ಎಲ್ಲಿ ನಿಂತಿದ್ದ ಎಂದು ಕೇಳದೆ ಈ ಕಥೆ ಓದಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಲೆ ಫಾನುವಿನ ತಂದೆ ಪ್ರಾಟೆಸ್ಟೆಂಟ್ ಪಾದ್ರಿ. 1826ರಲ್ಲಿ ಆ ಕುಟುಂಬ ಲಿಮರಿಕ್ ಜಿಲ್ಲೆಯ ಆಬಿಂಗ್ಟನ್ನಿಗೆ ಬಂತು. ಅದು ಇದೇ ಬೆಟ್ಟಸಾಲಿನ ಮಗ್ಗುಲಿನ ಊರು. ಸುತ್ತ ಇದ್ದವರು ಕ್ಯಾಥೊಲಿಕ್ ಬಡ ರೈತರು, ಐರಿಷ್ ನುಡಿಯವರು. ಅವರ ಇಗರ್ಜಿ ಬೇರೆ, ಪಾದ್ರಿ ಬೇರೆ. ಆದರೂ ಬೆಳೆಯ ಹತ್ತರಲ್ಲೊಂದು ಪಾಲನ್ನು ತಮ್ಮದಲ್ಲದ ಇಗರ್ಜಿಗೆ, ಅಂದರೆ ಲೆ ಫಾನುವಿನ ತಂದೆಯಂಥವರಿಗೆ ಕೊಡಬೇಕೆಂಬುದು ಕಾನೂನು. 1830ರ ದಶಕದ ಮೊದಲಲ್ಲಿ ರೈತರು ಕೊಡುವುದಿಲ್ಲವೆಂದು ನಿಂತರು. ದನ ಜಪ್ತಿಗೆ ಪೊಲೀಸರು ಬಂದರು, ಗುಂಡು ಹಾರಿತು, ಹೆಣ ಬಿತ್ತು. 'ದಶಾಂಶದ ಯುದ್ಧ' ಎಂದು ಅದಕ್ಕೆ ಹೆಸರು. ಪಾದ್ರಿ ಮನೆಯ ವರಮಾನ ಕುಸಿಯಿತು, ನಿನ್ನೆ ಟೋಪಿ ತೆಗೆಯುತ್ತಿದ್ದವರು ಇವತ್ತು ಕಲ್ಲು ತೂರಿದರು. ಲೆ ಫಾನುವಿನ ತಮ್ಮ ವಿಲಿಯಂ ತನ್ನ ಎಪ್ಪತ್ತು ವರ್ಷಗಳ ನೆನಪಿನ ಪುಸ್ತಕದಲ್ಲಿ ಆ ದಿನಗಳನ್ನು ಬರೆದಿದ್ದಾನೆ. ಕಥೆ ಅಚ್ಚಾದ ಕಾಲವನ್ನೂ ಗಮನಿಸಬೇಕು. 1869ರಲ್ಲಷ್ಟೇ ಆ ಇಗರ್ಜಿಯ ಸರ್ಕಾರಿ ಪಟ್ಟ ಕಿತ್ತುಹಾಕುವ ಕಾನೂನು ಪಾಸಾಗಿತ್ತು. 1870ರಲ್ಲಿ ಗ್ಲಾಡ್‌ಸ್ಟನ್ನನ ಮೊದಲ ಭೂ ಕಾಯ್ದೆ ಬಂತು. ಲೆ ಫಾನುವಿನ ವರ್ಗ ತನ್ನ ಕಾಲಡಿಯ ನೆಲ ಸರಿಯುತ್ತಿರುವುದನ್ನು ನೋಡುತ್ತಿತ್ತು.

ಇಂಥವನು ಕಥೆ ತೆಗೆಯುವುದು ಹೇಗೆ ನೋಡಿ. ಬೆಟ್ಟದ ವರ್ಣನೆ ಮಾಡುತ್ತಾ, ಇಲ್ಲಿಯೇ ಸಾರ್ಸ್‌ಫೀಲ್ಡ್ ಅಡಗಿದ್ದ ಎನ್ನುತ್ತಾನೆ. 1690ರಲ್ಲಿ ವಿಲಿಯಂ ದೊರೆಯ ಸೈನ್ಯ ಲಿಮರಿಕ್ಕನ್ನು ಮುತ್ತಿದಾಗ ಈ ಬೆಟ್ಟ ಹಾದು ಹೋಗಿ ಅವರ ತೋಪುಗಳನ್ನು ಸುಟ್ಟ ಕ್ಯಾಥೊಲಿಕ್ ದಂಡನಾಯಕ. ಆ ಯುದ್ಧ ಗೆದ್ದದ್ದು ಲೆ ಫಾನುವಿನ ಕಡೆಯವರು. ನೆಲ ಹೋದದ್ದು ಮೇರಿ ರಯಾನಳ ಕಡೆಯವರದು. ಒಂದು ಫೇರಿ ಕಥೆಗೆ ಈ ಯುದ್ಧದ ಮಾತು ಬೇಕಿರಲಿಲ್ಲ. ಆದರೂ ಬಂತು. ಒಂದೇ ವಾಕ್ಯದಲ್ಲಿ ಬಂದು ಹೋಯಿತು. ಈ ವಿಧವೆ ಯಾಕೆ ಜೌಗುನೆಲದ ಅಂಚಿನಲ್ಲಿ ಒಂಟಿಯಾಗಿದ್ದಾಳೆ ಎಂದು ಕಥೆ ಎಲ್ಲೂ ಕೇಳುವುದಿಲ್ಲ, ಉತ್ತರವನ್ನು ಮಾತ್ರ ಮೊದಲ ಸಾಲಿನಲ್ಲೇ ಬಚ್ಚಿಟ್ಟಿದೆ.

ಇಲ್ಲಿ ಒಂದು ಎಚ್ಚರಿಕೆ. ಐರ್ಲೆಂಡಿನ ಕ್ಯಾಥೊಲಿಕ್ ರೈತ ದಲಿತನಲ್ಲ. ಅವನು ಮುಟ್ಟಿದ ನೀರು ಮೈಲಿಗೆಯಾಗುತ್ತಿರಲಿಲ್ಲ. ಹಡಗು ಹತ್ತಿ ಅಮೆರಿಕಕ್ಕೆ ಹೋದರೆ ಅವನಿಗೆ ಬಿಳಿಯನಾಗುವ ದಾರಿ ತೆರೆದಿತ್ತು. ನಮ್ಮವನು ದುಬೈಗೆ ಹೋದರೂ ಲಂಡನ್ನಿಗೆ ಹೋದರೂ ಊರಿನವರ ಜೊತೆ ಊರಿನ ಜಾತಿಯೂ ಬಂದು ಬಾಗಿಲು ತಟ್ಟುತ್ತದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ 'ಎಲ್ಲರೂ ಶೋಷಿತರೇ' ಅನ್ನುವ ಉದಾರವಾದ ನಮಗೆ ಬೇಡ. ನಾನು ನೋಡುತ್ತಿರುವುದು ಸಮಾನತೆಯನ್ನಲ್ಲ, ಕಥೆ ಕೆಲಸಮಾಡುವ ರೀತಿಯನ್ನು.

ಫೇರಿಗಳು ಯಾರು ಎಂಬುದಕ್ಕೆ ಐರ್ಲೆಂಡಿನಲ್ಲಿ ಹಳೆಯ ಉತ್ತರವೊಂದಿದೆ. ಆ ನಾಡನ್ನು ಮೊದಲು ಆಳುತ್ತಿದ್ದ ತೂಹಾ ಡೇ ಡನನ್ ಎಂಬ ದೇವಕುಲ ಆಮೇಲೆ ಬಂದವರಿಗೆ ಸೋತು ನೆಲದಡಿಗೆ, ದಿಬ್ಬಗಳ ಒಳಕ್ಕೆ ಹೋಯಿತಂತೆ. ಬಲಿ ಚಕ್ರವರ್ತಿ ಪಾತಾಳಕ್ಕೆ ಹೋದ ಹಾಗೆ. ನಮ್ಮಲ್ಲಿ ದೀಪಾವಳಿಗೆ ಬಲೀಂದ್ರ ಮೇಲೆ ಬರುತ್ತಾನೆ, ಅಲ್ಲಿ ನವೆಂಬರಿನ ಹೊಸಿಲಲ್ಲಿ, ಸೌಇನ್ ಹಬ್ಬದ ರಾತ್ರಿ, ದಿಬ್ಬಗಳ ಬಾಗಿಲು ತೆರೆಯುತ್ತದೆ. 1890ರಲ್ಲಿ ಡೇವಿಡ್ ಮೆಕ್‌ರಿಚಿ ಎಂಬಾತ ಫೇರಿ ಎಂದರೆ ಸೋತುಹೋದ ಮೂಲನಿವಾಸಿಗಳ ನೆನಪೇ ಎಂದು ವಾದಿಸಿದ. ಅವನ ವಾದವನ್ನು ವಿದ್ವಾಂಸರು ಒಪ್ಪಲಿಲ್ಲ, ಅದು ಬೇರೆ ಮಾತು. ಆದರೆ ಜೋತಿಬಾ ಫುಲೆ 'ಗುಲಾಮಗಿರಿ'ಯಲ್ಲಿ (1873) ಪುರಾಣದ ರಾಕ್ಷಸರನ್ನು ಸೋತ ನೆಲದ ಮಕ್ಕಳೆಂದು ಓದಿದ್ದು ಅದಕ್ಕಿಂತ ಮುಂಚೆ. ವ್ಯತ್ಯಾಸ ಏನೆಂದರೆ, ಮೆಕ್‌ರಿಚಿ ಓದಿದ್ದು ಕುತೂಹಲಕ್ಕೆ, ಫುಲೆ ಓದಿದ್ದು ಬಿಡುಗಡೆಗೆ.

ಹಾಗಾದರೆ ಫೇರಿಗಳು ಸೋತವರು. ಲೆ ಫಾನುವಿನ ಕಥೆಯಲ್ಲಿ ನೋಡಿ, ಅವರು ನಾಲ್ಕು ಕುದುರೆಯ ಸಾರೋಟಿನಲ್ಲಿ ಬರುತ್ತಾರೆ! ಸಮವಸ್ತ್ರದ ಆಳುಗಳಿದ್ದಾರೆ, ಕೋಚುಮನ್ ಇದ್ದಾನೆ. ಅದು ದೇವರ ಗಾಡಿಯಲ್ಲ, ಜಮೀನ್ದಾರನ ಗಾಡಿ. ಆ ಜೌಗುನೆಲದ ದಾರಿಯಲ್ಲಿ ಅಂಥ ಗಾಡಿ ಓಡಿಸುವ ಶಕ್ತಿ ಇದ್ದದ್ದು ಯಾರಿಗೆ? ಸೋತವರ ದೇವರುಗಳಿಗೆ ಗೆದ್ದವರ ಬಟ್ಟೆ ತೊಡಿಸಲಾಗಿದೆ. ಇದನ್ನು ಮಾಡಿದ್ದು ಹಳ್ಳಿಯ ಕಥೆಗಾರರೇ ಇರಬಹುದು. ಬಡವರ ಕಣ್ಣಿಗೆ ಧಣಿ ಯಾವತ್ತೂ ಅರ್ಧ ದೆವ್ವವೇ. ಅವನು ಬಂದಾಗ ಏನೋ ಒಂದು ಮನೆಯಿಂದ ಹೋಗುತ್ತದೆ, ಹಸು, ಮೇಕೆ, ಮಗಳು. ಚೆಲುವೆ ಮಗುವನ್ನು ಕದಿಯುವುದು ಹೊಡೆದಲ್ಲ, ಮುದ್ದಿಸಿ. ಈ ಮುದ್ದು ನಮಗೂ ಗೊತ್ತು. ಗೌಡರ ಮನೆಯ ಜೀತಕ್ಕೆ ಹುಡುಗನನ್ನು ಕರೆದೊಯ್ಯುವ ದಿನ ಅವನ ಕೈಗೆ ಒಂದು ಉಂಡೆ ಬೆಲ್ಲ ಬರುತ್ತಿತ್ತು.

ಆದರೆ ಸಾರೋಟಿನೊಳಗೆ ಇನ್ನೊಬ್ಬಳಿದ್ದಾಳೆ. ಕಥೆಯ ಬಗ್ಗೆ ಬರೆದ ಅನೇಕರು ಅವಳನ್ನು ಅಲಂಕಾರವೆಂಬಂತೆ ದಾಟಿಹೋಗುತ್ತಾರೆ. ನನಗೆ ದಾಟಲಾಗಲಿಲ್ಲ. ಚೆಲುವೆಯ ಹೆಗಲ ಹಿಂದಿನಿಂದ ಒಬ್ಬ ಕಪ್ಪು ಹೆಂಗಸು ಇಣುಕುತ್ತಾಳೆ. ಉದ್ದ ಕತ್ತು, ಬಣ್ಣಬಣ್ಣದ ಮಣಿಸರ, ತಲೆಗೆ ಪಟ್ಟೆಪಟ್ಟೆಯ ರೇಷ್ಮೆ ಪೇಟ, ತಲೆಬುರುಡೆಯಂಥ ಒಣಮುಖ, ಹೊರಚಾಚಿದ ಕಣ್ಣು, ಬಿಳಿ ಹಲ್ಲು. ಅವಳು ಚೆಲುವೆಯ ಕಿವಿಯಲ್ಲಿ ಏನೋ ಪಿಸುಗುಡುತ್ತಾಳೆ. ಅಷ್ಟೇ ಅವಳ ಪಾತ್ರ. ಏನು ಹೇಳಿದಳು ಎಂದು ಕಥೆ ತಿಳಿಸುವುದಿಲ್ಲ.

ಇವಳು ಐರ್ಲೆಂಡಿನ ಜಾನಪದದಿಂದ ಬಂದವಳೆಂದು ನನಗನ್ನಿಸುವುದಿಲ್ಲ. ಇವಳು ಬಂದದ್ದು ದೊಡ್ಡಮನೆಗಳ ಗೋಡೆಯ ತೈಲಚಿತ್ರಗಳಿಂದ. ಹದಿನೆಂಟನೇ ಶತಮಾನದ ಇಂಗ್ಲೆಂಡ್, ಐರ್ಲೆಂಡುಗಳ ಶ್ರೀಮಂತರು ಕಪ್ಪು ಆಳುಗಳನ್ನು ಒಡವೆಯಂತೆ ಇಟ್ಟುಕೊಳ್ಳುತ್ತಿದ್ದರು. ಪೇಟ ಸುತ್ತಿ, ಮಣಿ ತೊಡಿಸಿ, ದೊರೆಸಾನಿಯ ಪಕ್ಕ ನಿಲ್ಲಿಸಿ ಚಿತ್ರ ಬರೆಸುತ್ತಿದ್ದರು, ದೊರೆಸಾನಿಯ ಬಿಳುಪು ಎದ್ದು ಕಾಣಲಿ ಅಂತ. ಅಂದರೆ ಆ ಸಾರೋಟಿನಲ್ಲಿ ಕದ್ದು ತಂದ ಮೊದಲ ಮಗು ಬಿಲ್ಲಿಯಲ್ಲ. ಅವನಿಗಿಂತ ಮೊದಲು, ಯಾವುದೋ ಕಡಲಾಚೆಯ ತಾಯಿಯ ಮಡಿಲಿಂದ ಬಂದವಳು ಅಲ್ಲೇ ಕೂತಿದ್ದಾಳೆ. ಕಥೆ ಅವಳನ್ನು ಹೀಗೆ ನೋಡಬಹುದಿತ್ತು. ನೋಡಲಿಲ್ಲ. ಕಳ್ಳತನ ಮಾಡುವ ಬಿಳಿ ಕೈ ಚೆಲುವಾಗಿ ಉಳಿಯುತ್ತದೆ, ಭಯವೆಲ್ಲ ಕಪ್ಪು ಮುಖದ ಮೇಲೆ ಬೀಳುತ್ತದೆ. ದೊರೆಸಾನಿಯ ಪಾಪವನ್ನು ದಾಸಿ ಹೊರುತ್ತಾಳೆ. ಊರಿನ ಮಗುವಿಗೆ ಜ್ವರ ಬಂದರೆ ಕೇರಿಯ ಮುದುಕಿಯ ಕಣ್ಣು ಬಿತ್ತು ಅಂತಾರಲ್ಲ, ಅದೇ ಲೆಕ್ಕ.

ಬಡ ಐರಿಷರಿಗೂ ಕಪ್ಪು ಜನರಿಗೂ ಬೇರೆ ಸಂಬಂಧ ಸಾಧ್ಯವಿರಲಿಲ್ಲವೆ? ಇತ್ತು. 1845ರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್ ಐರ್ಲೆಂಡಿಗೆ ಬಂದ. ಡೇನಿಯಲ್ ಓ'ಕಾನೆಲ್ ಅವನನ್ನು ಸ್ವಾಗತಿಸಿದ. ಅಲ್ಲಿಯ ಗುಡಿಸಲುಗಳನ್ನು ಕಂಡು ಡಗ್ಲಾಸ್ ಮರುಗಿ ಬರೆದ. ಅದು ಒಂದು ದಾರಿ. ಇನ್ನೊಂದು ದಾರಿ 1863ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಕಂಡಿತು. ಸೈನ್ಯಕ್ಕೆ ಕಡ್ಡಾಯ ಭರ್ತಿಯ ವಿರುದ್ಧ ಎದ್ದ ದಂಗೆಯಲ್ಲಿ, ಬಹುಪಾಲು ಐರಿಷ್ ವಲಸಿಗರಿದ್ದ ಗುಂಪು ಕಪ್ಪು ಜನರನ್ನು ಕೊಂದು ನೇತುಹಾಕಿತು, ಕಪ್ಪು ಮಕ್ಕಳ ಅನಾಥಾಲಯಕ್ಕೆ ಬೆಂಕಿ ಇಟ್ಟಿತು. ಕೆಳಗಿನವನು ತನಗಿಂತ ಕೆಳಗಿನವನನ್ನು ಹುಡುಕಿಕೊಳ್ಳುವ ಈ ಪಾಠವನ್ನು ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ನಮಗೆ ತಿಳಿಸಿದ್ದಾರೆ. ಲೆ ಫಾನುವಿನ ಕಥೆ ಬಂದ ಮೂರು ವರ್ಷಕ್ಕೆ ಫುಲೆ ತನ್ನ 'ಗುಲಾಮಗಿರಿ'ಯನ್ನು ನೀಗ್ರೋ ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ. ಪುಣೆಯ ಒಬ್ಬ ಮಾಳಿಗೆ ಕಂಡದ್ದು ಡಬ್ಲಿನ್ನಿನ ಪದವೀಧರನಿಗೆ ಕಾಣಲಿಲ್ಲ.

*

ಈ ಕಥೆಯಲ್ಲಿ ಒಂದು ವಿಚಿತ್ರವಿದೆ. ಫೇರಿಗಳು ಬಿಲ್ಲಿಯನ್ನು ಒಯ್ದರು, ಬದಲಿಗೆ ಯಾರನ್ನೂ ಬಿಟ್ಟುಹೋಗಲಿಲ್ಲ. ತೊಟ್ಟಿಲು ಖಾಲಿ. ಜಾನಪದದಲ್ಲಿ ಸಾಮಾನ್ಯವಾಗಿ ಹಾಗಲ್ಲ. ಅಲ್ಲಿ ಒಂದು ಕೂಸು ಉಳಿಯುತ್ತದೆ. ನಡೆಯದು, ಮಾತಾಡದು, ಎಷ್ಟು ಉಂಡರೂ ಮೈಹತ್ತದು, ಹಗಲೂ ರಾತ್ರಿ ಅಳುತ್ತದೆ. ಮನೆಯವರು ಅನ್ನುತ್ತಾರೆ: ಇದು ನಮ್ಮದಲ್ಲ. ಆಮೇಲೆ ಅದನ್ನು ಏನು ಮಾಡಿದರೂ ತಪ್ಪಿಲ್ಲ. ಕಾದ ಸಲಿಕೆಯ ಮೇಲೆ ಕೂರಿಸಬಹುದು, ವಿಷದ ಸೊಪ್ಪಿನ ರಸ ಕುಡಿಸಬಹುದು, ನೀರಿಗೆ ಅದ್ದಬಹುದು. ನೋವು ತಾಳಲಾರದೆ ಫೇರಿಗಳು ತಮ್ಮದನ್ನು ಕೊಂಡೊಯ್ದು ನಮ್ಮದನ್ನು ತಂದಿಡುತ್ತಾರೆ ಎಂಬ ತರ್ಕ. ಇದು ಬರೀ ಕಥೆಯಲ್ಲ. 1826ರಲ್ಲಿ ಕೆರ್ರಿ ಜಿಲ್ಲೆಯಲ್ಲಿ ನಿಲ್ಲಲೂ ಮಾತಾಡಲೂ ಬಾರದ ನಾಲ್ಕು ವರ್ಷದ ಮೈಕೆಲ್ ಲೇಹಿ ಎಂಬ ಹುಡುಗನನ್ನು ಆನ್ ರೋಚ್ ಎಂಬ ಮುದುಕಿ ಫ್ಲೆಸ್ಕ್ ನದಿಯಲ್ಲಿ ಮುಳುಗಿಸಿ ತೆಗೆದಳು, 'ಒಳಗಿರುವ ಫೇರಿ'ಯನ್ನು ಓಡಿಸಲು. ಹುಡುಗ ಸತ್ತ. ಕೊಲ್ಲುವ ಉದ್ದೇಶವಿರಲಿಲ್ಲವೆಂದು ನ್ಯಾಯಾಲಯ ಅವಳನ್ನು ಬಿಟ್ಟಿತು.

ಈ ಪ್ರಕರಣವನ್ನಿಟ್ಟುಕೊಂಡು ಆಸ್ಟ್ರೇಲಿಯಾದ ಹ್ಯಾನಾ ಕೆಂಟ್ 2016ರಲ್ಲಿ 'ದಿ ಗುಡ್ ಪೀಪಲ್' ಎಂಬ ಕಾದಂಬರಿ ಬರೆದಳು. ಒಳ್ಳೆಯ ಕಾದಂಬರಿ. ಬಡತನ, ಚಳಿ, ಊರಿನ ನಾಲಿಗೆ ಎಲ್ಲವೂ ಕೈಗೆ ತಾಗುವಂತಿವೆ. ಆದರೆ ಅದು ನಡೆಯುವುದು ಮೂವರು ಹೆಂಗಸರ ಕಣ್ಣಿಂದ: ಅಜ್ಜಿ, ಕೆಲಸದ ಹುಡುಗಿ, ನಾಟಿ ವೈದ್ಯೆ. ಹುಡುಗ ಒಂದು ಮೈಯಾಗಿ ಮಾತ್ರ ಉಳಿಯುತ್ತಾನೆ, ಉಚ್ಚೆಯ ವಾಸನೆಯಾಗಿ, ಕಿರುಚಾಟವಾಗಿ. ಕೆಂಟಳಂಥ ಸಹಾನುಭೂತಿಯ ಲೇಖಕಿಗೂ ಅವನ ಒಳಗೆ ಕೂತು ಒಂದು ಪುಟ ಬರೆಯಲು ಆಗಲಿಲ್ಲ. ನಮ್ಮ ಬಗ್ಗೆ ಬರೆದ ಒಳ್ಳೆಯ ಕಾದಂಬರಿಗಳು ಕನ್ನಡದಲ್ಲೂ ಇವೆ, ಅವುಗಳ ಮುಂದೆ ನಿಂತಾಗ ಆಗುವ ಸಂಕಟವೇ ಇಲ್ಲೂ ಆಯಿತು.

ಬ್ರಿಜೆಟ್ ಕ್ಲಿಯರಿಯ ಸಾವು ಇನ್ನೂ ಹತ್ತಿರದ್ದು. 1895ರ ಮಾರ್ಚ್, ಟಿಪರೆರಿ ಜಿಲ್ಲೆಯ ಬಾಲಿವಾಡ್ಲಿ. ಇಪ್ಪತ್ತಾರರ ಹೆಣ್ಣು. ಬಟ್ಟೆ ಹೊಲಿಯುತ್ತಿದ್ದಳು, ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು, ಕೈಯಲ್ಲಿ ಸ್ವಂತ ಕಾಸಿತ್ತು, ಮಕ್ಕಳಿರಲಿಲ್ಲ. ಕಾಯಿಲೆ ಬಿದ್ದಳು. ಇವಳು ನನ್ನ ಹೆಂಡತಿಯಲ್ಲ, ಹೆಂಡತಿಯನ್ನು ಫೇರಿಗಳು ಒಯ್ದು ಇವಳನ್ನು ಇಟ್ಟಿದ್ದಾರೆ ಎಂದ ಗಂಡ ಮೈಕೆಲ್. ತಂದೆ, ಚಿಕ್ಕಮ್ಮ, ದಾಯಾದಿಗಳು ಸುತ್ತ ನಿಂತಿದ್ದಂತೆಯೇ ಸೊಪ್ಪಿನ ಕಷಾಯ ಬಾಯಿಗೆ ತುರುಕಿ, ನೀನು ಯಾರು ಹೇಳು ಎಂದು ಮತ್ತೆ ಮತ್ತೆ ಕೇಳಿ, ಕೊನೆಗೆ ದೀಪದೆಣ್ಣೆ ಸುರಿದು ಸುಟ್ಟ. ಆಮೇಲೆ ಹತ್ತಿರದ ದಿಬ್ಬದ ಬಳಿ ರಾತ್ರಿಯೆಲ್ಲ ಕಾದು ಕೂತ, ನಿಜವಾದ ಬ್ರಿಜೆಟ್ ಬಿಳಿ ಕುದುರೆಯ ಮೇಲೆ ಬರುತ್ತಾಳೆಂದು. ಅವನಿಗೆ 20 ವರ್ಷ ಶಿಕ್ಷೆಯಾಯಿತು, 1910ರಲ್ಲಿ ಬಿಡುಗಡೆಯಾಗಿ ದೇಶ ಬಿಟ್ಟುಹೋದ. ಬ್ರಿಜೆಟಳ ಹೆಣ ಹೂಳಲು ಪಾದ್ರಿ ಬರಲಿಲ್ಲ, ಬಂಧುಗಳು ಬರಲಿಲ್ಲ. ಪೊಲೀಸರೇ ಹೂಳಿದರು. ಇದನ್ನು ಕುರಿತು ಆಂಜೆಲಾ ಬರ್ಕ್ 1999ರಲ್ಲಿ ಬರೆದ ಪುಸ್ತಕವನ್ನು ನಮ್ಮ ವಿದ್ಯಾರ್ಥಿಗಳು ಹುಡುಕಿ ಓದಬೇಕು.

ಈ ಸಾವಿನ ಮೇಲೆ ನಡೆದ ರಾಜಕೀಯವೂ ನಮಗೆ ಪರಿಚಿತವೇ. ನೋಡಿ ಈ ಕಾಡುಜನ, ಇವರಿಗೆ ಸ್ವರಾಜ್ಯ ಬೇಕಂತೆ, ಎಂದವು ಐರಿಷ್ ಸ್ವರಾಜ್ಯವನ್ನು ವಿರೋಧಿಸುತ್ತಿದ್ದ ಪತ್ರಿಕೆಗಳು. 1927ರಲ್ಲಿ ಕ್ಯಾಥರೀನ್ ಮೇಯೊ 'ಮದರ್ ಇಂಡಿಯಾ'ದಲ್ಲಿ ಆಡಿದ ಆಟವೂ ಇದೇ. ಇನ್ನೊಂದು ಕಡೆ ಯೇಟ್ಸ್‌ನಂಥವರು ಫೇರಿ ನಂಬಿಕೆಯನ್ನು ಜನಪದದ ಮುತ್ತೆಂದು ಎತ್ತಿ ಹಿಡಿದರು. 1888ರ ಅವನ ಸಂಕಲನದಿಂದಲೇ ಲೋಕ ಐರಿಷ್ ಫೇರಿಯನ್ನು ಕಂಡದ್ದು, ನಮ್ಮ ನವ್ಯರು ಐರ್ಲೆಂಡನ್ನು ಕಂಡದ್ದೂ ಯೇಟ್ಸ್ ಮೂಲಕವೇ. ಮಗು ಕದಿಯುವ ಫೇರಿಗಳ ಬಗ್ಗೆ ಅವನೂ ಕವನ ಬರೆದ, ಅದರಲ್ಲಿ ಕಳ್ಳತನವೇ ಸಂಗೀತವಾಗಿಬಿಟ್ಟಿದೆ. ಒಬ್ಬರಿಗೆ ಬಡವರ ನಂಬಿಕೆ ಅನಾಗರಿಕತೆಗೆ ಸಾಕ್ಷಿ, ಇನ್ನೊಬ್ಬರಿಗೆ ದೇಸಿ ಸಂಪತ್ತು. ಸುಟ್ಟುಹೋದ ಬ್ರಿಜೆಟ್ ಇಬ್ಬರ ಪಟ್ಟಿಯಲ್ಲೂ ಇಲ್ಲ.

ನಮ್ಮಲ್ಲಿ ದೇಸಿ ಎಂದು ಕುಣಿದಾಡುವವರ ಜೊತೆ ನನ್ನ ಜಗಳ ಇರುವುದು ಇಲ್ಲಿ. ಡಿ. ಆರ್. ನಾಗರಾಜ್ 'ದಿ ಫ್ಲೇಮಿಂಗ್ ಫೀಟ್'ನಲ್ಲಿ (1993) ಎತ್ತಿದ ಪ್ರಶ್ನೆ ದೊಡ್ಡದು: ಅವಮಾನವನ್ನು ಕಿತ್ತೊಗೆಯುವ ಭರದಲ್ಲಿ ದಲಿತರು ತಮ್ಮ ದೇವರು, ಹಾಡು, ನೆನಪುಗಳನ್ನೂ ಕಿತ್ತೊಗೆದರೆ ಉಳಿಯುವುದೇನು? ನಾನು ಆ ಪ್ರಶ್ನೆಯನ್ನು ತಳ್ಳಿಹಾಕುವುದಿಲ್ಲ. ಸಿದ್ಧಲಿಂಗಯ್ಯನವರು 'ಅವತಾರಗಳು' ಬರೆದು ಗ್ರಾಮದೈವಗಳ ಜೊತೆ ನಕ್ಕದ್ದೂ, ದೇವನೂರರು 'ಕುಸುಮಬಾಲೆ'ಯಲ್ಲಿ (1984) ಜೋತಮ್ಮಗಳನ್ನು ಕೂರಿಸಿ ಮಾತಾಡಿಸಿದ್ದೂ ಆ ಪ್ರಶ್ನೆಗೆ ಉತ್ತರಗಳೇ. ಜೋತಮ್ಮಗಳು ಮನೆಮನೆಯ ದೀಪದ ಆತ್ಮಗಳು, ಮನೆಯೊಳಗಿನ ಗುಟ್ಟು ಕಂಡವು, ಸತ್ತವನ ಕಡೆ ಮಾತಾಡಬಲ್ಲವು. ಲಿಸ್ನವೂರಾದ ಸಾರೋಟು ಆ ಥರದ್ದಲ್ಲ. ಆದ್ದರಿಂದ ಜಾನಪದ ಎಂದಾಕ್ಷಣ ಅದು ನಮ್ಮ ಕಡೆಯದು ಎಂದುಕೊಳ್ಳುವುದು ಬೇಡ. ಪ್ರತಿ ಕಥೆಯನ್ನೂ ನಿಲ್ಲಿಸಿ, ನೀನು ಯಾರ ಕಡೆ ಎಂದು ಕೇಳಬೇಕಾಗುತ್ತದೆ.

ಹಾಗೆ ಕೇಳಿದಾಗ ನಮ್ಮ ಕಡೆ ಬಂದು ನಿಲ್ಲುವ ಐರಿಷ್ ಕಥೆಯೊಂದಿದೆ, ಸೂಲಗಿತ್ತಿಯ ಕಥೆ. ರಾತ್ರಿ ಒಬ್ಬ ಸವಾರ ಬಂದು ಬಡ ಸೂಲಗಿತ್ತಿಯನ್ನು ಕರೆದೊಯ್ಯುತ್ತಾನೆ. ದೊಡ್ಡ ಅರಮನೆ, ಹೆರಿಗೆ ಮಾಡಿಸುತ್ತಾಳೆ. ಮಗುವಿನ ಕಣ್ಣಿಗೆ ಹಚ್ಚಲು ಒಂದು ಮುಲಾಮು ಕೊಡುತ್ತಾರೆ, ನೀನು ಹಚ್ಚಿಕೊಳ್ಳಬೇಡ ಎನ್ನುತ್ತಾರೆ. ಅವಳ ಕಣ್ಣು ತುರಿಸುತ್ತದೆ, ಬೆರಳು ತಾಕುತ್ತದೆ. ಆಗ ಒಂದು ಕಣ್ಣಿಗೆ ನಿಜ ಕಾಣುತ್ತದೆ. ಅರಮನೆಯಿಲ್ಲ, ಅದು ಗುಹೆ. ಸುಮ್ಮನೆ ಬರುತ್ತಾಳೆ. ಆಮೇಲೆ ಒಂದು ದಿನ ಸಂತೆಯಲ್ಲಿ ಅದೇ ಸವಾರ ಕದಿಯುತ್ತಿರುವುದನ್ನು ಕಂಡು ಮಾತಾಡಿಸುತ್ತಾಳೆ. ಯಾವ ಕಣ್ಣಲ್ಲಿ ನನ್ನನ್ನು ನೋಡುತ್ತಿದ್ದೀಯ ಎಂದು ಕೇಳಿ ಆ ಕಣ್ಣನ್ನು ಕಿತ್ತುಬಿಡುತ್ತಾನೆ.

ನಮ್ಮವ್ವ ಸೂಲಗಿತ್ತಿ. ಊರಿನ ದೊಡ್ಡ ಮನೆಗಳ ಎಷ್ಟೋ ಮಕ್ಕಳನ್ನು ಈ ಲೋಕಕ್ಕೆ ಎಳೆದುಕೊಂಡವಳು. ರಾತ್ರಿ ಲಾಟೀನು ಹಿಡಿದು ಆಳು ಬರುತ್ತಿದ್ದ, ಇವಳು ಹಿತ್ತಿಲ ಬಾಗಿಲಿಂದ ಒಳಗೆ ಹೋಗುತ್ತಿದ್ದಳು. ಮಗುವನ್ನು ಮೊದಲು ಮುಟ್ಟಿದ ಕೈ ಅವಳದು. ಸೂತಕ ಕಳೆದು ಹೆಸರಿಡುವ ದಿನದಿಂದ ಆ ಮಗುವನ್ನು ಅವಳು ಮುಟ್ಟುವಂತಿಲ್ಲ. ಒಳಮನೆಯಲ್ಲಿ ಕಂಡದ್ದನ್ನು ಹೊರಗೆ ಆಡುವಂತಿಲ್ಲ. ಬಾಣಂತಿಯ ತಲೆದಿಂಬಿನಡಿ ಗಾಳಿ ಸೋಕದಿರಲೆಂದು ಕುಡುಗೋಲು ಇಡಿಸುತ್ತಿದ್ದವಳೂ ಇವಳೇ. ಐರ್ಲೆಂಡಿನ ತೊಟ್ಟಿಲ ಮೇಲೆ ಕಬ್ಬಿಣ ಇಡುತ್ತಿದ್ದರು ಎಂದು ಓದಿದಾಗ ಅವಳಿಗೆ ಹೇಳಿದೆ, ಅವಳಿಗೇನೂ ಆಶ್ಚರ್ಯವಾಗಲಿಲ್ಲ. ಸೂಲಗಿತ್ತಿಯ ಕಣ್ಣು ಕಿತ್ತ ಕಥೆ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಂಡುದ್ದ ಸಂತೇಲಿ ಹೇಳ್ಬಾರ್ದು ಕಣ್ ಮಗ" ಅಂದಳು.

ಬಿಲ್ಲಿಯ ಕಥೆಯನ್ನೂ ಹೇಳಿದೆ. ಕೊನೆಯ ದೃಶ್ಯ, ಹುಡುಗ ಬರಿಗಾಲಲ್ಲಿ ಬಂದು ಒಲೆಯ ಬಳಿ ಮುದುರಿ ಕೂರುವುದು, ಮಂಚದ ಮೇಲಿನ ಹುಡುಗಿ ಹೆದರುವುದು, ಅವನು ಓಡಿಹೋಗುವುದು. ಅವ್ವ ಕೇಳಿದಳು: "ಅಲ್ಲ, ಆ ಕೂಸ್ಗ ಒಂದ್ ತುತ್ತು ಇಕ್ನಿಲ್ವಾ ಅವರು?"

ನಾನು ಮೂರು ಸಲ ಓದಿದ್ದರೂ ಇದನ್ನು ಕೇಳಿರಲಿಲ್ಲ. ನಾನು ಕೇಳಿದ್ದು ಅವನು ದೆವ್ವವೋ ಮನುಷ್ಯನೋ, ಕಥೆಯ ತಂತ್ರ ಯಾವುದು, ಇಂಥವೇ. ಅವಳ ಮಾತಿನಿಂದ ಹಿಂದಕ್ಕೆ ಹೋಗಿ ನೋಡಿದರೆ, ಲೆ ಫಾನು ಬಿಟ್ಟುಬಿಟ್ಟ ಬದಲಿ ಕೂಸು ಅಲ್ಲೇ ಕೂತಿದೆ. ಸೊರಗಿದ ಮೈ, ಹಸಿದ ಮುಖ, ನಡುಕ. ಜಾನಪದ ಬದಲಿ ಕೂಸಿಗೆ ಕೊಡುವ ಎಲ್ಲ ಗುರುತುಗಳೂ ಇವೆ. ವ್ಯತ್ಯಾಸ ಇಷ್ಟೇ, ಇದು ಪರರ ಕೂಸಲ್ಲ, ಅದೇ ಮನೆಯ ಮಗ. ಮನೆಯವರಿಗೇ ಅವನು ಅನ್ಯನಾಗಿಹೋಗಿದ್ದಾನೆ. ಯಾರೂ ಅವನನ್ನು ಸುಡಲಿಲ್ಲ, ಮುಳುಗಿಸಲಿಲ್ಲ. ಹೆದರಿದರು, ಅಷ್ಟೆ. ಅಷ್ಟಕ್ಕೇ ಅವನು ಹೊರಟುಹೋದ.

1870ರಲ್ಲಿ ಲಿಮರಿಕ್ಕಿನ ಓದುಗನಿಗೆ ಈ ಹುಡುಗ ಯಾರೆಂದು ಗೊತ್ತಿರಲೇಬೇಕು. 1845ರಿಂದ ಆಲೂಗೆಡ್ಡೆಗೆ ರೋಗ ಬಿದ್ದು ಐರ್ಲೆಂಡಿನಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ನಾಡು ಬಿಟ್ಟರು. ಬಾಡಿಗೆ ಕಟ್ಟದವರ ಗುಡಿಸಲು ಕೆಡವಿದರು. ಅದೇ ವರ್ಷಗಳಲ್ಲಿ ಧಾನ್ಯ, ದನ, ಬೆಣ್ಣೆ ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಲೇ ಇತ್ತು. ಬರಿಗಾಲ ಮಕ್ಕಳು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದರು, ಮರುದಿನ ಬರುತ್ತಿರಲಿಲ್ಲ. ಲೆ ಫಾನು ಆ ಬರಗಾಲದ ಹೆಸರನ್ನು ಕಥೆಯಲ್ಲಿ ಎತ್ತುವುದಿಲ್ಲ. ಕಥೆ ಬಹಳ ಹಿಂದಿನದು ಎನ್ನುತ್ತಾನೆ, ಫೇರಿಗಳ ಮೇಲೆ ಹೊರಿಸುತ್ತಾನೆ. ಆದರೂ ಆ ಹಸಿವು ಅವನ ಕೈಮೀರಿ ಬಂದು ಒಲೆಯ ಮುಂದೆ ಕೂತಿದೆ. ಇದನ್ನು ಅವನ ಮೋಸ ಎನ್ನಲು ನನಗೆ ಮನಸ್ಸಾಗುತ್ತಿಲ್ಲ. ತನ್ನ ವರ್ಗದ ಕಣ್ಣಿಗೆ ಕಾಣದ್ದನ್ನು ಅವನ ಕಥೆ ಕಂಡಿದೆ. ಕಪ್ಪು ಹೆಂಗಸಿನ ವಿಷಯದಲ್ಲಿ ಸೋತ ಕಥೆ ಇಲ್ಲಿ ಗೆದ್ದಿದೆ ಎಂಬುದನ್ನೂ ಹೇಳಬೇಕು, ಇಲ್ಲವಾದರೆ ನಮ್ಮ ವಿಮರ್ಶೆಯೂ ತೀರ್ಪು ಬರೆದಿಟ್ಟುಕೊಂಡು ಕೃತಿ ಹುಡುಕಿದಂತಾಗುತ್ತದೆ.

ಕೊನೆಯಲ್ಲಿ ಲೆ ಫಾನು ಬಿಲ್ಲಿಗೆ ಗೋರಿಯಿಲ್ಲ ಎನ್ನುತ್ತಾನೆ. ಬೇರೆ ಸತ್ತವರು ಪವಿತ್ರ ನೆಲದಲ್ಲಿ ಮಲಗಿದ್ದಾರೆ, ಅವರ ತಲೆಯ ಬಳಿ ಕಲ್ಲಿದೆ, ಬದುಕಿರುವವರು ಅಲ್ಲಿ ಮೊಣಕಾಲೂರಿ ಪ್ರಾರ್ಥಿಸಬಹುದು, ಈ ತಾಯಿಗೆ ಆ ಜಾಗವಿಲ್ಲ. ಆ ಪವಿತ್ರ ನೆಲ ಯಾವುದೆಂದು ಊರಿನ ಹೆಸರು ಹೇಳುತ್ತಾನೆ: ಆಬಿಂಗ್ಟನ್ನಿನ ಹಳೇ ಇಗರ್ಜಿಯ ಅಂಗಳ. ದಶಾಂಶ ಕೊಡುವುದಿಲ್ಲವೆಂದು ಈ ವಿಧವೆಯಂಥವರು ಎದ್ದು ನಿಂತದ್ದು ಅದೇ ಇಗರ್ಜಿಯ ವಿರುದ್ಧ. ಅಲ್ಲಿ ಪಾದ್ರಿಯಾಗಿದ್ದವನು ಅವನ ಅಪ್ಪ.